ಹಾಲುತೆನೆಯ ಹೊತ್ತಿಗೆ ಹೋದವರು

ಜಿತೆಂಗ್
30 ಸೆಪ್ಟೆಂಬರ್ 1984

ನಿಫಾಸಿ,

ದಕುರಾ ಸತ್ತುಹೋದ. ಮೇಲ್ಗೇರಿಯ ದಕುರಾ, ನೆಲದ ಕಲ್ಲು ಕಾಯುತ್ತಿದ್ದ ನಮ್ಮ ನೆಲದೊಡೆಯ. ಕೆಮ್ಮು ಅಂತ ಮಲಗಿದವನು ಏಳಲಿಲ್ಲ. ಮಣ್ಣು ಮಾಡಿ ಬಂದಿದ್ದೇವೆ. ಮುದುಕರು ಸಾಯುತ್ತಾರೆ, ಅಷ್ಟಕ್ಕೇ ನಾನು ಕಾಗದ ಬರೆಯುತ್ತಿರಲಿಲ್ಲ. ನಿನಗಂತೂ ಬರೆಯಲೇಬಾರದು ಅಂತ ಇದ್ದೆ. ನನ್ನ ಹೆಂಡತಿ ಸತ್ತಾಗ ನೀನು ಬರಲಿಲ್ಲ. ಅವಳ ಹೆಣವನ್ನು ಅಂಗಳದಲ್ಲಿ ಕೂರಿಸಿದ್ದೆವು. ಅದರ ಮುಂದೆ ನಿಂತು ಗೇಲಿ ಮಾಡುವುದಕ್ಕೆ, ಅಳುವವರನ್ನು ನಗಿಸುವುದಕ್ಕೆ ನಿಮ್ಮ ಕುಲದ ಒಬ್ಬ ಗಂಡಸೂ ಇರಲಿಲ್ಲ. ನಮಗೆ ಗೇಲಿನೆಂಟರು ಅಂತ ಇರುವುದು ನೀವೊಬ್ಬರೇ. ಅದನ್ನು ಮರೆತು ಬರೆಯುತ್ತಿಲ್ಲ. ಹೆದರಿಕೆಯಾಗಿ ಬರೆಯುತ್ತಿದ್ದೇನೆ.

ಮಳೆಗಾಲಕ್ಕೆ ಮೊದಲು ಸರ್ಕಾರದವರು ಬಂದು ನದಿ ಬಯಲನ್ನು ಅಳೆದು ಹೋದರು. ಪಂಪು ಹಾಕಿ ಭತ್ತ ಬೆಳೆಸುತ್ತಾರಂತೆ. ನೆಲ ಯಾರದ್ದು ಅಂತ ಕೇಳಿದರು. ಊರಿಗೆ ಯಾರು ಮೊದಲು ಬಂದರೋ ಅವರದ್ದು ಅಂದ ದಕುರಾನ ಮೊಮ್ಮಗ ಎವಾರಿಸ್ತ್. ಅಲ್ಲಿಯವರೆಗೆ ಸರಿಯೇ, ಈ ಸೀಮೆಯಲ್ಲಿ ಎಲ್ಲಾ ಊರಲ್ಲೂ ಅದೇ ಮಾತು. ಅದರ ಬೆನ್ನಿಗೇ, ಮೊದಲು ಬಂದವರು ಮೇಲ್ಗೇರಿಯವರು, ಕೆಳಗೇರಿಯವರು ಆಮೇಲೆ ಬಂದು ಸೇರಿಕೊಂಡ ಪರದೇಶಿಗಳು ಅಂದ. ಕೆಳಗೇರಿ ಅಂದರೆ ನಾವು, ಮೊಸಳೆ ಕುಲದವರು. ಮುದುಕ ಬದುಕಿದ್ದಾಗ ಈ ಹುಡುಗನ ತಲೆಗೆ ಎರಡು ಮೊಟಕಿ ಸುಮ್ಮನಿರಿಸುತ್ತಿದ್ದ. ಈಗ ಮೊಟಕುವವರಿಲ್ಲ. ಮುಂದಿನ ಮಳೆ ಬರುವುದರೊಳಗೆ ನದಿ ಬಯಲು ಬಿಡಿ ಅಂತ ಹೇಳಿ ಕಳಿಸಿದ್ದಾನೆ.

ನದಿಯ ಕೆಳಭಾಗದ ಒಂದೂರಲ್ಲಿ ಮಾತು ಹೀಗೇ ಶುರುವಾಗಿತ್ತು. ಹೋದ ಬೇಸಿಗೆಯಲ್ಲಿ ಅಲ್ಲಿ ಒಂದು ಕೇರಿಯ ಮಾಳಿಗೆಗಳೆಲ್ಲ ಸುಟ್ಟುಹೋದವು. ಸುಟ್ಟವರೂ ಸುಡಿಸಿಕೊಂಡವರೂ ಅಲ್ಲಿಯತನಕ ಒಂದೇ ಸೋರೆಬುರುಡೆಯಲ್ಲಿ ಹೆಂಡ ಕುಡಿದವರು. ಆ ಜನ ಈಗ ಮಿಷನ್ ಶಾಲೆಯ ಜಗುಲಿಯಲ್ಲಿ ಮಲಗುತ್ತಾರೆ. ನಾನು ಹೋಗಿ ನೋಡಿ ಬಂದೆ. ನೋಡಬಾರದಿತ್ತು.

ಇದರಲ್ಲಿ ನನ್ನ ಕುತ್ತಿಗೆ ಯಾಕೆ ಸಿಕ್ಕಿಕೊಂಡಿದೆ ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ, ಹೇಳಿದರೆ ಸ್ವಲ್ಪ ಹಗುರ. ಫೆಬ್ರವರಿಯಲ್ಲಿ ಹೊಸ ಜೋಳದ ಹೆಂಡ ಕಾಯಿಸಿ ದಕುರಾನ ಕೊನೆಯ ಕಾರ್ಯ ಮಾಡುತ್ತಾರೆ. ಅವನ ಹೆಸರಿನ ಗೂಟವನ್ನು ಅಂಗಳದಲ್ಲಿ ನೆಟ್ಟು, ಅದರ ಮುಂದೆ ಅವನ ಕುಲದ ದಾರಿ ಹಾಡಬೇಕು. ಎಲ್ಲಿಂದ ಹೊರಟರು, ಎಲ್ಲಿ ನದಿ ದಾಟಿದರು, ಇಲ್ಲಿಗೆ ಹೇಗೆ ಬಂದರು. ಹಾಡುವವನು ನಾನು. ಈ ಊರಿಗೆ ಬೇರೆ ಚರಿತ್ರೆ ಇಲ್ಲ, ನನ್ನ ಗಂಟಲೇ ಚರಿತ್ರೆ. ಅದರಲ್ಲಿ ಒಂದು ಸಾಲಿದೆ:

ದಿಬ್ಬದ ಮೇಲೆ ನಿಂತ, ಕೆಳಗೆ ಹೊಗೆ ಕಂಡ,
ಹೊಗೆಯ ಮನೆಗೆ ಹೋಗಿ ಬೆಂಕಿ ಕೇಳಿದ.

ಆ ಹೊಗೆ ನಮ್ಮದು, ಕೆಳಗೇರಿಯದು. ಬೆಂಕಿ ಕೇಳಿದವನು ಆಮೇಲೆ ಬಂದವನು. ನಮ್ಮ ಹಿರಿಯ ಬೇಟೆಗಾರ, ಕೂತಲ್ಲಿ ಕೂರುವವನಲ್ಲ, ಅದಕ್ಕೇ ನೆಲದ ಕಲ್ಲನ್ನು ಕಾಯುವ ಕೆಲಸವನ್ನು ಬಂದವನಿಗೇ ವಹಿಸಿದ. ಎಲ್ಲರೂ ಕೇಳಿರುವ ಸಾಲು. ಇಲ್ಲಿಯತನಕ ಅದರಿಂದ ಯಾರಿಗೂ ನೋವಾಗಿರಲಿಲ್ಲ.

ಹಾಡಿದರೆ ಮೇಲ್ಗೇರಿಯವರು ಬಿಡುವುದಿಲ್ಲ. ಆ ಸಾಲು ಬಿಟ್ಟರೆ ನಮ್ಮ ಹೊಲ ಹೋಯಿತು, ಮನೆ ಹೋಯಿತು. ಮೇಲಾಗಿ ಸತ್ತವನ ಗೂಟದ ಮುಂದೆ ಸುಳ್ಳು ಹಾಡಿದವನು ಮುಂದಿನ ಬೆಳೆ ಕಾಣುವುದಿಲ್ಲ.

ನೀನು ಬಾ. ಗೇಲಿನೆಂಟ ಎದುರಿಗಿದ್ದರೆ ಜನಕ್ಕೆ ಸ್ವಲ್ಪ ನಾಚಿಕೆ ಇರುತ್ತದೆ.

ಗನಾ

*

ಟೆಚಿಮಾನ್ ಆಚೆಯ ಹೊಲ
2 ನವೆಂಬರ್ 1984

ಲೋ ಹಲ್ಲುದುರಿದ ಮೊಸಳೆ, ಹೆಣದ ಮನೆಯಲ್ಲಿ ಹಾಡಿ ಹೊಟ್ಟೆ ಹೊರೆಯುವ ಭಿಕಾರಿ ಗನಾ,

ನಿನ್ನ ಕಾಗದವನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಕೊನೆಯವರೆಗೂ ಕೇಳಿ, "ಬೈಗುಳ ಎಲ್ಲಿ?" ಅಂದಳು. ಇಲ್ಲ ಕಣೆ ಅಂದೆ. "ಒಂದೂ ಇಲ್ವಾ? ಹಿಂದೆಮುಂದೆ ನೋಡಿ." ಹಿಂದುಗಡೆಯೂ ತಿರುಗಿಸಿ ನೋಡಿದೆ. ಆಗ ಅವಳು ಸೌಟು ಕೆಳಗಿಟ್ಟು ಕೂತಳು. ಗನಾ ನಿನ್ನನ್ನು ನಾಯಿ ಅನ್ನದೆ ಬರೆದಿದ್ದಾನೆ ಅಂದರೆ ಅಲ್ಲಿ ಯಾರೋ ಕತ್ತಿ ಮಸೆಯುತ್ತಿದ್ದಾರೆ ಅಂದಳು. ಆವತ್ತಿನಿಂದ ನಮ್ಮ ಮನೆಯಲ್ಲೂ ಮುದ್ದೆ ಮಿಕ್ಕುತ್ತಿದೆ. ಇನ್ನು ಮೇಲೆ ಎಷ್ಟೇ ಹೆದರಿಕೆಯಾದರೂ ಒಂದೆರಡು ಬೈಗುಳ ಬರೆದು ಆಮೇಲೆ ವಿಷಯಕ್ಕೆ ಬಾ, ದರಿದ್ರದವನೇ.

ನಾನು ಬರಲಾರೆ. ಮೊಣಕಾಲಿನ ಹುಣ್ಣು ಒಂದು ನೆಪ, ಅದು ಇದೆ, ಆದರೆ ನಿಜವಾದ ಕಾರಣ ಬೇರೆ. ಹೇಳಿಬಿಡುತ್ತೇನೆ, ನಗಬೇಡ. ನಿನ್ನನ್ನು ಪರದೇಶಿ ಅಂದರೆಂದು ನಿನಗೆ ನಿದ್ದೆ ಬರುತ್ತಿಲ್ಲ. ನನ್ನನ್ನು ಇಲ್ಲಿ ದಿನ ಬೆಳಗಾದರೆ ಹಾಗೇ ಕರೆಯುತ್ತಾರೆ. ಈ ನೆಲ ಇಲ್ಲಿಯವರದ್ದು. ಗೆಡ್ಡೆಯ ದಿಬ್ಬ ಹಾಕಿದವನು ನಾನು, ಕಳೆ ಕಿತ್ತವನು ನಾನು, ಆದರೂ ಒಂದು ವಾರ ಹೊಲದಲ್ಲಿ ಕಾಣದಿದ್ದರೆ ಅಲ್ಲಿ ಇನ್ನೊಬ್ಬನ ಗುದ್ದಲಿ ಇರುತ್ತದೆ. ನಿನ್ನ ಹೆಂಡತಿ ಸತ್ತ ಸುದ್ದಿ ಬಂದಾಗ ಗೆಡ್ಡೆ ಕೀಳುವ ಕಾಲ. ಇಲ್ಲಿಯ ಲಾರಿ ನಿಲ್ಲುವ ಜಾಗದವರೆಗೂ ಹೋಗಿ ವಾಪಸ್ ಬಂದೆ. ಅವಳು ನನ್ನನ್ನು ಎಷ್ಟು ಬೈದಿದ್ದಾಳೆ, ನಾನು ಅವಳನ್ನು ಎಷ್ಟು ಬೈದಿದ್ದೇನೆ. ಕೊನೆಯ ಬೈಗುಳದ ಸರದಿ ನನ್ನದಾಗಿತ್ತು. ಅದು ಹಾಗೇ ಉಳಿಯಿತು.

ಈಗ ನಿನ್ನ ವಿಷಯ. ಆ ಸಾಲು ಬಂದಾಗ ಮೆಲ್ಲಗೆ ಹಾಡು. ಗೀಲ್ ಬಾರಿಸುವವರಿಗೆ ಮೊದಲೇ ಹೇಳಿಟ್ಟಿರು, ಮರದ ಹಲಗೆ ಮುರಿಯುವ ಹಾಗೆ ಬಡಿಯಲಿ. ಹಾಡಿದ ಹಾಗೂ ಆಯಿತು, ಕೇಳದ ಹಾಗೂ ಆಯಿತು. ಅಲ್ಲಿ ನನ್ನ ತಂಗಿ ಸ್ಕೊಲಾಸ್ತಿಕಾ ಇದ್ದಾಳೆ. ಅವಳೂ ನಮ್ಮ ಕುಲದವಳೇ, ಗೇಲಿನೆಂಟತನಕ್ಕೆ ಗಂಡಸೇ ಆಗಬೇಕೆಂದಿಲ್ಲ. ಅವಳ ಹೆಂಡದ ಮನೆಗೆ ಹೋಗು. ಅವಳ ಬಾಯಿಗೆ ಹೆದರುತ್ತೀ ಅಂತ ಗೊತ್ತು. ಬೆಂಕಿಗಿಂತ ಆ ಬಾಯಿ ವಾಸಿ.

ನಿನ್ನ ಯಜಮಾನ,
ನಿಫಾಸಿ

*

ಜಿತೆಂಗ್
10 ಡಿಸೆಂಬರ್ 1984

ಗೆಡ್ಡೆಕಳ್ಳ ನಿಫಾಸಿ, ಊರು ಬಿಟ್ಟ ನಾಯಿ,

ಬೈದಿದ್ದೇನೆ, ತೃಪ್ತಿಯಾಯಿತೇ. ಲಾರಿ ನಿಲ್ಲುವ ಜಾಗದವರೆಗೂ ಹೋಗಿದ್ದೆ ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ಕಾಗದ ಮಡಿಸಿಟ್ಟೆ. ಅದರ ಬಗ್ಗೆ ಮಾತು ಇಷ್ಟೇ.

ಮೆಲ್ಲಗೆ ಹಾಡು ಅನ್ನುತ್ತೀ. ನಿನ್ನ ತಲೆಯಲ್ಲಿ ಇರುವುದೂ ಗೆಡ್ಡೆಯೇ. ಇಡೀ ಊರು ಆ ಒಂದು ಸಾಲಿಗೆ ಕಿವಿ ನೆಟ್ಟುಕೊಂಡು ಬರುತ್ತದೆ. ಗೀಲ್ ಜೋರಾದರೆ ನನ್ನ ತುಟಿ ನೋಡುತ್ತಾರೆ.

ಎವಾರಿಸ್ತ್ ಮನೆಗೆ ಬಂದಿದ್ದ. ಒಳ್ಳೆಯ ಚಪ್ಪಲಿ, ಒಳ್ಳೆಯ ಮಾತು. ಹೊಸ್ತಿಲ ಹೊರಗೇ ಕುಕ್ಕುರುಗಾಲಲ್ಲಿ ಕೂತ, ಮರ್ಯಾದೆ ಗೊತ್ತಿದೆ ಹುಡುಗನಿಗೆ, ಅದೇ ಭಯ.

"ಅಜ್ಜ, ನಾಲ್ಕು ಪದ. ನಾಲ್ಕು ಪದ ನುಂಗಿದ್ರೆ ಗಂಟ್ಲು ಕಟ್ಟತ್ತಾ?"

"ನಿಮ್ಮಜ್ಜನ ಗೂಟದ ಮುಂದೆ ಸುಳ್ಳು ಹಾಡಿದ್ರೆ ಗಂಟ್ಲಲ್ಲಪ್ಪ, ಉಸ್ರೇ ಕಟ್ಟತ್ತೆ."

"ಅದೆಲ್ಲ ಹಳೇ ಕಾಲದ ಮಾತು."

"ಹಾಡೂ ಹಳೇ ಕಾಲದ್ದೇ. ಮತ್ಯಾಕೆ ಅದಕ್ಕೆ ಇಷ್ಟು ದೂರ ನಡ್ಕೊಂಡು ಬಂದೆ?"

ನಕ್ಕ. ಎದ್ದು ಕುಂಡಿಯ ಧೂಳು ಕೊಡವಿಕೊಂಡು ನಮ್ಮ ಮಾಳಿಗೆಯ ಕಡೆ ನೋಡಿದ. "ಜೋಳದ ಕಡ್ಡಿ ಚೆನ್ನಾಗಿ ಒಣಗಿದೆ ಅಜ್ಜ. ಈ ಗಾಳೀಲಿ ಬೆಂಕಿ ಕಡೆ ಹುಷಾರು," ಅಂದು ಹೊರಟುಹೋದ. ಅಷ್ಟೇ. ಹಿರಿಯರ ಮನೆಗೆ ಬೆಂಕಿ ಬೀಳದಿರಲಿ ಅಂತ ಹೇಳಿದ ಅಂತಲೂ ಅನ್ನಬಹುದು. ಆವತ್ತಿನಿಂದ ನಾನು ಒಲೆಯನ್ನು ನೀರು ಹೊಯ್ದು ಆರಿಸಿ ಮಲಗುತ್ತೇನೆ, ಮಲಗಿದ ಮೇಲೆ ಎದ್ದು ಇನ್ನೊಮ್ಮೆ ಮುಟ್ಟಿ ನೋಡುತ್ತೇನೆ.

ನಮ್ಮವರು ಇನ್ನೂ ಚೆಂದ. ನನ್ನ ತಮ್ಮನ ಮಗ ಗರ್ವಾಸ್ ಬಂದು ಕಿವಿಯಲ್ಲಿ, "ದೊಡ್ಡಪ್ಪ, ಆ ಸಾಲು ಎರಡು ಸಲ ಹಾಡು. ಮಿಕ್ಕಿದ್ದು ನಾವು ನೋಡ್ಕೋತೀವಿ," ಅಂದ. ಏನು ನೋಡಿಕೊಳ್ಳುತ್ತೀರೋ ಅಂದರೆ ಕುಲುಮೆಯವನ ಹತ್ತಿರ ಮಾಡಿಸಿದ ಕೋವಿ ತೋರಿಸಿದ. ಒಂದಲ್ಲ. ಜೋಳದ ಕಣಜದಲ್ಲಿ ಇಟ್ಟಿದ್ದಾರೆ, ಜೋಳದ ಒಳಗೆ. ಮಕ್ಕಳು ಕೈ ಹಾಕುವ ಜಾಗ. ಕೆನ್ನೆಗೆ ಬಾರಿಸಿದೆ. ಬಾರಿಸಿದ್ದಕ್ಕೆ ತಲೆ ಬಗ್ಗಿಸಿದ, ಆದರೆ ಕೋವಿ ತೆಗೆಯಲಿಲ್ಲ.

ನಿನ್ನ ತಂಗಿಯ ಹತ್ತಿರ ಹೋದೆ. ಹೆಂಡದ ಮಡಕೆ ಕಲಕುತ್ತಿದ್ದವಳು ತಲೆ ಎತ್ತದೆ, "ಯಾಕೋ ಮೊಸಳೆ, ಮುಖ ಹಿಂಗಿದೆ? ಬೇಧಿಯಾ?" ಅಂದಳು.

"ಹೆದ್ರಿಕೆ ಕಣೆ."

"ಎರಡೂ ಒಂದೇ ಕಡೆಯಿಂದ ಬರತ್ತೆ. ಕೂತ್ಕೋ."

ಎಲ್ಲಾ ಹೇಳಿದೆ. ಗೇಲಿನೆಂಟರು ಬೂದಿ ಎರಚಿದರೆ ಮತ್ತೆ ಕೈ ಎತ್ತುವ ಹಾಗಿಲ್ಲವಲ್ಲ, ಕೊನೆಗೆ, ಜಗಳ ಎದ್ದರೆ ಬೂದಿ ಎರಚುತ್ತೀಯಾ ಅಂತ ಕೇಳಿದೆ. ಎರಚುತ್ತೇನೆ ಅಂದಳು. ಆದರೆ ಅವಳೇ ಇನ್ನೊಂದು ಮಾತು ಹೇಳಿದಳು. "ನನ್ನ ಬೂದಿ ನಿಮ್ಮ ಕುಲಕ್ಕೆ ಮಾತ್ರ ತಾಕತ್ತೆ. ನಿಮ್ಮ ಹುಡುಗ್ರು ಕೈ ಇಳಿಸ್ತಾರೆ. ಮೇಲ್ಗೇರಿಯೋರು ಯಾಕೆ ಇಳಿಸ್ತಾರೆ? ಕೈ ಇಳಿಸಿ ನಿಂತೋರ ಮೇಲೆ ಅವರು ಬಿದ್ರೆ?" ಮೇಲ್ಗೇರಿಯವರ ಗೇಲಿನೆಂಟರು ಈ ಸುತ್ತಿನಲ್ಲಿ ಯಾರೂ ಉಳಿದಿಲ್ಲ, ನಿನ್ನ ಹಾಗೇ ದಕ್ಷಿಣಕ್ಕೆ ಗೆಡ್ಡೆ ಅಗೆಯಲು ಹೋದರು. ಅಂದರೆ ಬೂದಿ ಅರ್ಧ ಊರನ್ನು ಮಾತ್ರ ಹಿಡಿದು ನಿಲ್ಲಿಸುತ್ತದೆ. ಇನ್ನರ್ಧವನ್ನು ಏನು ಹಿಡಿಯುತ್ತದೆ?

ಇನ್ನೊಂದು ಸಂಗತಿ. ನಮ್ಮಪ್ಪ ಹಾಡು ಕಲಿಸುವಾಗ ಹೊಗೆಯ ಸಾಲಿಗೆ ನಿಲ್ಲಿಸಿ, ಇದರ ಹಿಂದಿನದನ್ನು ತಿಳಿದಿರು, ಹಾಡಬೇಡ ಅಂದಿದ್ದ. ನೀನೂ ಪಕ್ಕದಲ್ಲಿ ಕೂತಿದ್ದೆ. ಈಚೆಗೆ ಹೊಲದಲ್ಲಿ ಒಬ್ಬನೇ ಗೊಣಗುವಾಗ ಅದು ತಾನಾಗಿ ಬಾಯಿಗೆ ಬರುತ್ತಿದೆ.

ಗನಾ

*

ಟೆಚಿಮಾನ್ ಆಚೆಯ ಹೊಲ
20 ಜನವರಿ 1985

ಗನಾ,

ಅದನ್ನು ಹಾಡಬೇಡ.

ಹೊಗೆಯ ಸಾಲನ್ನು ಹಾಡು, ಬಿಡು, ಎರಡು ಸಲ ಹಾಡು, ನಿನ್ನಿಷ್ಟ. ಅದು ಎರಡು ಕೇರಿಯ ಜಗಳ, ಹತ್ತು ವರ್ಷಕ್ಕಾದರೂ ಆರುತ್ತದೆ. ಹಿಂದಿನದನ್ನು ತೆಗೆದರೆ ಅದು ಯಾರ ಜಗಳ ಅಂತಲೇ ಗೊತ್ತಾಗುವುದಿಲ್ಲ. ಅವತ್ತು ನಿಮ್ಮಪ್ಪ ಅದನ್ನು ಹೇಳಿದ ಮೇಲೆ ಎದ್ದು ಹೋಗಿ ಕೈ ತೊಳೆದ. ನೀನು ಹಾಡಿನ ಗುಂಗಿನಲ್ಲಿದ್ದೆ. ನಾನು ನೋಡಿದೆ. ಊಟ ಮಾಡಿರಲಿಲ್ಲ, ಮಣ್ಣು ಮುಟ್ಟಿರಲಿಲ್ಲ, ಆದರೂ ತೊಳೆದ.

ಬೈಗುಳ ಬರೆಯಲು ಕೂತೆ. ಬರಲಿಲ್ಲ.

ನಿಫಾಸಿ

*

ಜಿತೆಂಗ್
28 ಫೆಬ್ರವರಿ 1985

ಅಣ್ಣನಿಗೆ ನಿನ್ನ ತಂಗಿ ಸ್ಕೊಲಾಸ್ತಿಕಾ ಹೇಳಿ ಬರೆಸುವುದು. ಬರೆಯುತ್ತಿರುವವರು ನಮ್ಮ ಚರ್ಚಿನ ಉಪದೇಶಿ ಮೇಷ್ಟ್ರು. ಬೈಗುಳ ಬರೆಯುವುದಿಲ್ಲ ಅಂತ ಹಟ ಹಿಡಿದಿದ್ದಾರೆ, ಆದ್ದರಿಂದ ಅವೆಲ್ಲ ಇವೆ ಅಂತ ನೀನೇ ತಿಳಿದುಕೋ.

ಗನಾ ಬದುಕಿದ್ದಾನೆ. ಅದನ್ನು ಮೊದಲು ಹೇಳಿಬಿಟ್ಟೆ. ಬರೆಯುವ ಸ್ಥಿತಿಯಲ್ಲಿ ಇಲ್ಲ. ಗೋಡೆ ನೋಡಿಕೊಂಡು ಕೂತಿದ್ದಾನೆ, ಕೊಟ್ಟರೆ ತಿನ್ನುತ್ತಾನೆ.

ಕಾರ್ಯದ ದಿನ ನಾನು ಬೂದಿಯನ್ನು ಮಡಿಲಲ್ಲಿ ಕಟ್ಟಿಕೊಂಡೇ ಹೋದೆ. ಇಂಥ ಜನ ನಾನು ನೋಡಿಲ್ಲ ಅಣ್ಣ. ಹೆಂಡ ಇಟ್ಟಲ್ಲೇ ಇತ್ತು, ಯಾರೂ ಕುಡಿಯುತ್ತಿಲ್ಲ. ನಮ್ಮ ಜನ ಹೆಂಡ ಕುಡಿಯದೆ ಕೂತಿದ್ದಾರೆ ಅಂದರೆ ನೀನೇ ಲೆಕ್ಕ ಹಾಕು. ಮೇಲ್ಗೇರಿಯವರು ಬೇವಿನ ಮರದ ಕಡೆ, ಕೆಳಗೇರಿಯವರು ಕಣಜದ ಕಡೆ. ಎಲ್ಲರೂ ದಪ್ಪ ಅಂಗಿ ಹಾಕಿದ್ದರು, ಆ ಬಿಸಿಲಲ್ಲಿ. ಅಂಗಿಯೊಳಗೆ ಏನಿತ್ತೋ ಕೇಳಬೇಡ.

ಗನಾ ಎದ್ದು ಗೂಟದ ಮುಂದೆ ನಿಂತ. ಹೆಂಡದ ಮಡಕೆ ಕಾಲ ಬಳಿಯೇ ಇತ್ತು. ನಾನು ಕೂಗಿದೆ, "ಏ ಮೊಸಳೆ, ಉಚ್ಚೆ ಹೊಯ್ಕೊಂಡ್ರೆ ಹೆಂಡಕ್ಕೆ ಬೀಳತ್ತೆ, ಆಚೆ ನಿಂತ್ಕೋ." ಇಬ್ಬರೋ ಮೂವರೋ ನಕ್ಕರು. ಅವನೂ ನನ್ನ ಕಡೆ ನೋಡಿ ಉಸಿರು ಬಿಟ್ಟ. ಆಮೇಲೆ ಹಾಡಿದ. ಗಂಟಲು ಚೆನ್ನಾಗಿತ್ತು, ಅದನ್ನು ಒಪ್ಪಬೇಕು. ದಕುರಾನ ಹಿರಿಯ ನದಿ ದಾಟಿದ, ನಾಯಿ ಮುಂದೆ ಓಡಿತು, ದಿಬ್ಬ ಹತ್ತಿದ. ಅಲ್ಲಿ ನಿಲ್ಲಿಸಿದ. ಗೀಲ್ ಬಾರಿಸುವವರೂ ನಿಲ್ಲಿಸಿದರು.

ಹಾಡಿದ. ಹೊಗೆ ಕಂಡ, ಬೆಂಕಿ ಕೇಳಿದ.

ಬೇವಿನ ಮರದ ಕಡೆಯವರು ಎದ್ದರು. ಎವಾರಿಸ್ತ್ ಮೊದಲು ಎದ್ದ. ಗರ್ವಾಸ್ ಕಣಜದ ಕಡೆಯಿಂದ ಮುಂದೆ ಬಂದ, ಅಂಗಿಯೊಳಗಿಂದ ಕೋವಿ ತೆಗೆದೇಬಿಟ್ಟ. ನಾನು ಓಡಿ ನಮ್ಮ ಮೊಸಳೆಗಳ ಮುಖಕ್ಕೆಲ್ಲ ಬೂದಿ ಎರಚಿದೆ, ಗರ್ವಾಸನ ಬಾಯಿಗೇ ತುಂಬಿದೆ. "ಇಳಿಸೋ, ನನ್ನ ಬೂದಿ ಮೇಲೆ ಆಣೆ, ಇಳಿಸೋ," ಅಂದೆ. ಹುಡುಗ ಕೆಮ್ಮುತ್ತಾ ಇಳಿಸಿದ. ಇಳಿಸದೆ ಎಲ್ಲಿಗೆ ಹೋಗುತ್ತಾನೆ. ಆದರೆ ಆಚೆಯವರು ಇಳಿಸಲಿಲ್ಲ. ನಾನು ಗನಾನಿಗೆ ಹೇಳಿದ್ದೆನಲ್ಲ, ಅದೇ ಆಯಿತು. ನಮ್ಮವರು ಕೈಬಿಟ್ಟು ನಿಂತಿದ್ದಾರೆ, ಅವರು ಬರುತ್ತಿದ್ದಾರೆ.

ಆಗ ಗನಾ ಮತ್ತೆ ಹಾಡಲು ಶುರುಮಾಡಿದ. ನಾನು ಎಂದೂ ಕೇಳದ ಸಾಲು. ಅದನ್ನು ಹೇಳುತ್ತೇನೆ, ಮೇಷ್ಟ್ರೇ ಬರೆಯಿರಿ, ಇದು ಬೈಗುಳವಲ್ಲ.

ಹೊಗೆಯ ಮನೆಯವನೂ ಬಂದವನೇ,
ಅವನೂ ಒಂದು ಹೊಗೆ ಕಂಡ.
ಹೊಗೆಯ ಸುತ್ತ ಮನೆಗಳಿದ್ದವು, ಹೊಲವಿತ್ತು,
ಹೊಲದಲ್ಲಿ ತೆನೆ ಹಾಲುದುಂಬಿತ್ತು.
ಬಂದವರು ಇಬ್ಬರೂ ಸೇರಿದರು.
ಹಾಲುತೆನೆ ಬಿಟ್ಟು ಆ ಜನ ಹೋದರು.
ಹಾಲುತೆನೆ ಬಿಟ್ಟು ಯಾರಾದರೂ ಹೋಗುತ್ತಾರೆಯೇ,
ದಕುರಾ, ನೀನು ಹೋಗುತ್ತಿದ್ದೆಯಾ?

ಗೂಟವನ್ನೇ ಕೇಳಿದ ಅಣ್ಣ. ಸತ್ತವನನ್ನೇ ಹೆಸರು ಹಿಡಿದು ಕೇಳಿದ.

ಎವಾರಿಸ್ತ್ ನಿಂತಲ್ಲೇ ನಿಂತ. ಯಾರೂ ಮುಂದೆ ಬರಲಿಲ್ಲ. ಮೇಲ್ಗೇರಿಯ ಮುದುಕಿಯೊಬ್ಬಳು ಮುಖ ಮುಚ್ಚಿಕೊಂಡಳು. ಅವಳಿಗೆ ಗೊತ್ತಿತ್ತು, ಮುದುಕರಿಗೆಲ್ಲ ಗೊತ್ತಿತ್ತು ಅಂತ ಆಗ ತಿಳಿಯಿತು. ಹೊಡೆದಾಟ ಆಗಲಿಲ್ಲ. ಜನ ಒಬ್ಬೊಬ್ಬರೇ ಎದ್ದು ಹೋದರು. ಒಬ್ಬರನ್ನೊಬ್ಬರು ನೋಡಲಿಲ್ಲ. ಹೆಂಡ ಹುಳಿಯಾಯಿತು, ಸುರಿದೆ.

ಈಗ ಎರಡು ಕೇರಿಯೂ ಒಂದಾಗಿದೆ, ಗನಾನ ಮೇಲೆ. ಇನ್ನು ಅವನು ಯಾವ ಸಾವಿನಲ್ಲೂ ಹಾಡಕೂಡದು ಅಂತ ಹೇಳಿದ್ದಾರೆ. ಗರ್ವಾಸ್ ಅವನಿಗೆ ನೀರು ತಂದುಕೊಡುವುದನ್ನೂ ನಿಲ್ಲಿಸಿದ್ದಾನೆ. ನಾನು ತಂದುಕೊಡುತ್ತೇನೆ, ಬೈದುಕೊಂಡು.

ನಿನ್ನ ತಂಗಿ
(ಮೇಷ್ಟ್ರು ನಮಸ್ಕಾರ ತಿಳಿಸುತ್ತಾರೆ. ಅವರಿಗೂ ಹೆದರಿಕೆಯಾಗಿದೆ, ತಮ್ಮ ಹೆಸರು ಬರೆಯುವುದಿಲ್ಲ ಅನ್ನುತ್ತಾರೆ.)

*

ಟೆಚಿಮಾನ್ ಆಚೆಯ ಹೊಲ
30 ಮಾರ್ಚ್ 1985

ಲೋ ಮೊಸಳೆ, ಹುಚ್ಚು ಹಿಡಿದ ಮೊಸಳೆ,

ಬೇಡ ಅಂದದ್ದನ್ನೇ ಮಾಡಿದೆ. ನಿನ್ನನ್ನು ಹೊಡೆಯಬೇಕು, ಕಾಲು ನೆಟ್ಟಗಿದ್ದಿದ್ದರೆ ಬಂದು ಹೊಡೆಯುತ್ತಿದ್ದೆ. ನನ್ನ ಹೆಂಡತಿ ನಿನ್ನ ಪರವಾಗಿ ಮಾತಾಡುತ್ತಾಳೆ, ಅವಳಿಗೂ ಹುಚ್ಚು.

ಇಲ್ಲಿಗೆ ಬಾ. ಒಂದು ಕೋಣೆ ಇದೆ. ಗೆಡ್ಡೆ ತಿನ್ನಲು ನಿನಗೆ ಹಲ್ಲಿಲ್ಲ, ಕುಟ್ಟಿ ಕೊಡುತ್ತೇವೆ. ಇಲ್ಲಿ ನೀನು ಪರದೇಶಿಯಾಗಿರುತ್ತೀ, ಆದರೆ ಅದು ಎಲ್ಲರಿಗೂ ಗೊತ್ತಿರುವ ಸಂಗತಿ, ಯಾರೂ ಹಾಡಬೇಕಾಗಿಲ್ಲ. ಆ ಊರಲ್ಲಿ ಯಾರ ಸೋರೆಬುರುಡೆಯಿಂದಲೂ ಕುಡಿಯಬೇಡ, ಸ್ಕೊಲಾಸ್ತಿಕಾ ಕೊಟ್ಟದ್ದು ಬಿಟ್ಟು. ಲಾರಿಯವನಿಗೆ ಹೇಳಿದ್ದೇನೆ. ಸುಮ್ಮನೆ ಹತ್ತಿ ಬಾ.

ನಿಫಾಸಿ

*

ಜಿತೆಂಗ್
15 ಮೇ 1985

ಕುಂಟ ನಾಯಿ ನಿಫಾಸಿ,

ಲಾರಿ ಬಂದಿತ್ತು. ಹತ್ತಲಿಲ್ಲ. ಹತ್ತೋಣ ಅಂತಲೇ ಬಟ್ಟೆ ಕಟ್ಟಿದ್ದೆ, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಅವರು ಬಂದರು.

ಮಾತು ನದಿ ದಾಟುತ್ತದೆ ಅಂತ ನಾನು ಯೋಚಿಸಿರಲಿಲ್ಲ. ಸಂತೆಯಿಂದ ಸಂತೆಗೆ ಹೋಗಿ ಆಚೆ ದೇಶ ಮುಟ್ಟಿದೆ. ಒಬ್ಬಳು ಮುದುಕಿ, ಅವಳ ಜೊತೆ ಇಬ್ಬರು ಗಂಡಸರು. ದೋಣಿಯಲ್ಲಿ ಬಂದು ನದಿ ಬಯಲಿನಲ್ಲಿ ನಿಂತಿದ್ದರು. ಮೇಕೆ ಕಾಯುವವರು ನೋಡಿ ಓಡಿಬಂದು ಹೇಳಿದರು. ಎರಡು ಕೇರಿಯೂ ಓಡಿತು. ಎವಾರಿಸ್ತ್ ಮತ್ತು ಗರ್ವಾಸ್ ಭುಜಕ್ಕೆ ಭುಜ ತಾಗಿಸಿ ನಿಂತಿದ್ದನ್ನು ಅವತ್ತು ನೋಡಿದೆ. ಕಾರ್ಯದ ದಿನ ಇರದ ಒಗ್ಗಟ್ಟು.

"ಇಲ್ಲಿ ಹಾಡಿದೋನು ಯಾರು?" ಅಂದಳು ಮುದುಕಿ. ನಮ್ಮ ಮಾತೇ, ಸ್ವಲ್ಪ ರಾಗ ಬೇರೆ.

ಎಲ್ಲರೂ ನನ್ನ ಕಡೆ ತಿರುಗಿದರು. ಮುಂದೆ ಹೋದೆ. ಹಿಟ್ಟು ಕಲಸಿದ ನೀರು ತರಿಸಿ ಕೊಟ್ಟೆ, ಬಂದವರಿಗೆ ಕೊಡಬೇಕಲ್ಲ. ಕುಡಿದಳು. ಕೊನೆಯ ಗುಟುಕನ್ನು ನೆಲಕ್ಕೆ ಚೆಲ್ಲಿದಳು. ಅದನ್ನು ನಾವು ನಮ್ಮ ಮನೆಯಲ್ಲಿ ಮಾತ್ರ ಮಾಡುತ್ತೇವೆ, ನಮ್ಮ ಹಿರಿಯರು ಆ ಮಣ್ಣಿನ ಕೆಳಗಿದ್ದರೆ ಮಾತ್ರ. ಅವಳು ಯೋಚಿಸಿ ಮಾಡಿದ ಹಾಗೆ ಕಾಣಲಿಲ್ಲ, ಕೈ ತಾನಾಗಿ ಬಾಗಿತು. ಅದನ್ನು ನೋಡಿ ಹಿಂದೆ ನಿಂತವರಲ್ಲಿ ಯಾರೋ ಉಸಿರೆಳೆದುಕೊಂಡರು.

"ಏನು ಬೇಕು ತಾಯಿ?" ಅಂದೆ.

"ನಡಿ," ಅಂದಳು.

ದಾರಿ ತೋರಿಸಲು ನಾನು ಮುಂದೆ ಹೋಗಬೇಕಿತ್ತು. ಅವಳೇ ಮುಂದೆ ಹೋದಳು. ಈ ಊರಿಗೆ ಕಾಲಿಟ್ಟವಳಲ್ಲ, ಅವಳ ಅಮ್ಮನೂ ಇಟ್ಟವಳಲ್ಲ. ಆದರೂ ಹಳ್ಳ ಬಂದಾಗ ಅದರ ಹೆಸರು ಹೇಳಿದಳು, ನಮ್ಮ ಹೆಸರಲ್ಲ, ಬೇರೆ. ದಿಬ್ಬಕ್ಕೆ ಒಂದು ಹೆಸರು. ಬಂಡೆಗೆ ಒಂದು. ಜೊತೆಗಿದ್ದ ಗಂಡಸರು ತಪ್ಪಾಗಿ ಹೇಳಿದರೆ ತಿದ್ದುತ್ತಿದ್ದಳು. ಅವರ ಊರಲ್ಲಿ ಮಕ್ಕಳಿಗೆ ಮಾತು ಬಂದ ಕೂಡಲೇ ಇದನ್ನು ಕಲಿಸುತ್ತಾರಂತೆ, ಇಲ್ಲಿಂದ ಅಲ್ಲಿಗೆ, ಒಂದೊಂದು ಮರದ ಜಾಗ. ನಾನು ನಮ್ಮ ಕುಲಗಳ ದಾರಿಯನ್ನು ಹಾಡುತ್ತಿದ್ದೆನಲ್ಲ, ನಮ್ಮದು ಬರುವ ದಾರಿ. ಅವರದ್ದು ಹೋದ ದಾರಿ. ಅವರದ್ದರಲ್ಲಿ ಒಂದು ಸಾಲೂ ಬಿಟ್ಟಿಲ್ಲ.

ನನ್ನ ಹೊಲಕ್ಕೆ ಬಂದಳು. ನದಿ ಬಯಲಿನ ನನ್ನ ಹೊಲ, ನಮ್ಮಪ್ಪ ಸತ್ತ ಮೇಲೆ ನಾನೇ ಉತ್ತಿದ್ದು. ಬದುವಿನ ಮೇಲೆ ನಿಂತು, "ಇದು ನಮ್ಮಜ್ಜಿಯ ಅತ್ತೆ ಹೊಲ," ಅಂದಳು. "ಇಲ್ಲಿ ನೀರು ನಿಲ್ಲತ್ತೆ. ಜೋಳ ಹಾಕಬೇಡಿ ಅಂತ ಅವಳು ಹೇಳ್ತಿದ್ದಳಂತೆ. ಗಂಡ ಕೇಳ್ತಿರಲಿಲ್ಲವಂತೆ."

ಅಲ್ಲಿ ನೀರು ನಿಲ್ಲುತ್ತದೆ ನಿಫಾಸಿ. ಪ್ರತಿ ವರ್ಷ ಆ ಮೂಲೆ ಕೊಳೆಯುತ್ತದೆ.

ಎವಾರಿಸ್ತ್ ತಡೆಯಲಾರದೆ ಮುಂದೆ ಬಂದ. "ಅಮ್ಮಾ, ನಿಮಗೆ ನೆಲ ಬೇಕಾ? ಅದಕ್ಕೆ ಬಂದ್ರಾ? ಹೇಳಿಬಿಡಿ." ಆ ಹುಡುಗ ಹೆದರಿದ್ದನ್ನು ನಾನು ಅದೇ ಮೊದಲು ಕಂಡೆ. ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಮಗಾ, ನೀನು ಯಾರ ಮನೆಯೋನು?"

"ನೆಲದೊಡೆಯರ ಮನೆಯೋನು."

"ಹೌದಾ," ಅಂದಳು. ಅಷ್ಟೇ ಅಂದಳು. ನಗಲೂ ಇಲ್ಲ.

ಆಮೇಲೆ ದೋಣಿ ಹತ್ತಿ ಹೋದರು. ಏನೂ ಕೇಳಲಿಲ್ಲ. ಹೊಲ ಕೇಳಲಿಲ್ಲ, ಕಲ್ಲು ಕೇಳಲಿಲ್ಲ, ಒಂದು ಕೋಳಿ ಕೂಡ ಕೇಳಲಿಲ್ಲ, ಮತ್ತೆ ಬರುತ್ತೇವೆ ಅಂತಲೂ ಬರುವುದಿಲ್ಲ ಅಂತಲೂ ಹೇಳಲಿಲ್ಲ. ಕೇಳಿದ್ದರೆ ಇಲ್ಲ ಅನ್ನಬಹುದಿತ್ತು. ಜಗಳ ಆಡಬಹುದಿತ್ತು. ಈ ಎರಡು ಕೇರಿಗೆ ಜಗಳ ಬರುತ್ತದೆ, ಇದು ಬರುವುದಿಲ್ಲ.

ಎರಡು ಹದ ಮಳೆ ಬಿದ್ದಿದೆ. ಬಿತ್ತನೆ ಶುರುವಾಗಬೇಕಿತ್ತು. ಯಾರೂ ನದಿ ಬಯಲಿಗೆ ಇಳಿದಿಲ್ಲ. ಬಯಲು ಬಿಡಿ ಅಂತ ಎವಾರಿಸ್ತ್ ಹೇಳುತ್ತಿಲ್ಲ, ಬಿಡುವುದಿಲ್ಲ ಅಂತ ಗರ್ವಾಸ್ ಹೇಳುತ್ತಿಲ್ಲ. ಹೊಸ ನೆಲದೊಡೆಯನನ್ನು ಮಾಡೋಣ ಅಂತ ಸೇರಿದರು. ನೀನಾಗು ಅಂದರೆ ಪ್ರತಿಯೊಬ್ಬನೂ ನನಗೆ ಬೇಡ ಅಂದ. ಹೋದ ವರ್ಷ ಇದಕ್ಕಾಗಿಯೇ ಕೋವಿ ಮಾಡಿಸಿದ ಜನ.

ಇವತ್ತು ಬೆಳಿಗ್ಗೆ ನಾನು ಗುದ್ದಲಿ ತೆಗೆದುಕೊಂಡು ಹೋದೆ. ತಿನ್ನಬೇಕಲ್ಲ. ಬದುವಿನ ಮೇಲೆ ನಿಂತೆ. ನಮ್ಮಲ್ಲಿ ಮೊದಲ ಗುದ್ದಲಿ ಹಾಕುವ ಮೊದಲು, ಇಳಿಯಲಾ ಅಂತ ಒಬ್ಬರನ್ನು ಕೇಳಿ ಇಳಿಯುತ್ತೇವೆ. ದಕುರಾನನ್ನು ಕೇಳುತ್ತಿದ್ದೆ. ಬಾಯಿ ತೆರೆದೆ. ಯಾರ ಹೆಸರು ಹಿಡಿದು ಕೇಳಬೇಕು ಅಂತ ತಿಳಿಯದೆ, ಬಿಸಿಲೇರುವ ತನಕ ಅಲ್ಲೇ ನಿಂತಿದ್ದು, ಮನೆಗೆ ಬಂದು ನಿನಗೆ ಬರೆಯುತ್ತಿದ್ದೇನೆ.

ಗನಾ